ಜೇನಿನ ಎರಿಯಲ್ಲಿ ಐದು ಮೂಲೆ, ಏಳು ಮೂಲೆಯ ಕಣ ಕಂಡರೆ ಜೇನು ಕುಟುಂಬಕ್ಕೆ ರೋಗವೇ?

ಪ್ರಶ್ನೆ: ಸರ್, ನಮ್ಮದು ಶಿರಸಿ ಹತ್ತಿರದ ಹಳ್ಳಿ. ಅಡಿಕೆ ತೋಟದಲ್ಲಿ ಮೂರು ತುಡುವೆ ಜೇನಿನ ಪೆಟ್ಟಿಗೆ ಇಟ್ಟಿದ್ದೇವೆ. ಎರಡರಲ್ಲಿ ಹಳೆ ಎರಿಗಳೇ ಇವೆ. ಮೂರನೆಯದು ಈ ವರ್ಷ ಹಿಡಿದು ತುಂಬಿದ ಕುಟುಂಬ. ಅದಕ್ಕೆ ಆನ್‌ಲೈನ್‌ನಲ್ಲಿ ತರಿಸಿದ, ಕಣದ ಅಚ್ಚು ಒತ್ತಿದ ಮೇಣದ ಹಾಳೆಯನ್ನು ಎರಡು ಫ್ರೇಮಿಗೆ ಹಾಕಿ, ಉಳಿದ ಫ್ರೇಮುಗಳನ್ನು ಖಾಲಿ ಬಿಟ್ಟೆ. ಖಾಲಿ ಫ್ರೇಮುಗಳಲ್ಲಿ ಎರಿ ಕಟ್ಟಿವೆ, ಆದರೆ ಕಣಗಳು ಒಂದೇ ಥರ ಇಲ್ಲ. ಕೆಲವು ದೊಡ್ಡವು, ಕೆಲವು ಚಿಕ್ಕವು, ಎಣಿಸಿದರೆ ಐದು ಮೂಲೆ, ಏಳು ಮೂಲೆ ಇರುವವೂ ಇವೆ. ಹಾಳೆ ಹಾಕಿದ ಫ್ರೇಮಿನಲ್ಲಂತೂ ಪೂರ್ತಿ ಗೊಂದಲ. ಪಕ್ಕದ ಮನೆಯವರು "ಕುಟುಂಬಕ್ಕೆ ಶಕ್ತಿ ಇಲ್ಲ, ರಾಣಿ ಕೆಟ್ಟಿದೆ, ಆ ಎರಿ ಕತ್ತರಿಸಿ ಬಿಸಾಕು" ಅಂತಾರೆ. ಮೊಬೈಲ್ ಟವರ್ ಕಾರಣ ಅಂತ ಇನ್ನೊಬ್ಬರು. ಹೈಸ್ಕೂಲಿಗೆ ಹೋಗುವ ಮಗಳು ಓದಿದ್ದು ಬೇರೆಯೇ: ಜೇನು ಮೊದಲು ದುಂಡಗೆ ಕಟ್ಟುತ್ತದೆ, ಗೂಡಿನ ಬಿಸಿಗೆ ಮೇಣ ಕರಗಿ ತಾನಾಗೇ ಷಟ್ಕೋನ ಆಗುತ್ತದೆ ಅಂತ. ಹಾಗಾದರೆ ನಮ್ಮ ಪೆಟ್ಟಿಗೆಯಲ್ಲಿ ಬಿಸಿ ಸಾಲದೇ? ಈ ಎರಿಗಳನ್ನು ತೆಗೆಯಲೇ, ಬಿಡಲೇ?

ಉತ್ತರ: ಮೊದಲು ಚಾಕು ಕೆಳಗಿಡಿ. ಖಾಲಿ ಫ್ರೇಮಿನಲ್ಲಿ ಕಟ್ಟಿರುವ ಎರಿಯನ್ನು ಕತ್ತರಿಸಬೇಡಿ. ನೀವು ಬರೆದಿರುವುದನ್ನು ನೋಡಿದರೆ ಅದರಲ್ಲಿ ರೋಗದ ಒಂದು ಲಕ್ಷಣವೂ ಇಲ್ಲ. ಹಾಳೆ ಹಾಕಿದ ಆ ಎರಡು ಫ್ರೇಮಿನ ಕಥೆ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಚಿಂತೆ ಎಲ್ಲಿಂದ ಬಂತು ಅಂತ ಅರ್ಥ ಆಗುತ್ತದೆ. ಜೇನು ಅಂದರೆ ತಪ್ಪೇ ಮಾಡದ ಎಂಜಿನಿಯರ್, ಪ್ರತಿ ಕಣವೂ ಅಚ್ಚಿನಲ್ಲಿ ತೆಗೆದ ಷಟ್ಕೋನ ಅಂತ ನಾವೆಲ್ಲ ಶಾಲೆಯಿಂದ ಓದಿಕೊಂಡು ಬಂದಿದ್ದೇವೆ. ಹಾಗಿರುವಾಗ ಐದು ಮೂಲೆ ಕಂಡರೆ ಏನೋ ಕೆಟ್ಟಿದೆ ಅನ್ನಿಸುವುದು ಸಹಜ. ತರಬೇತಿಗೆ ಬರುವವರಲ್ಲಿ ಬಹಳ ಜನ ಇದನ್ನೇ ಕೇಳುತ್ತಾರೆ. ಆದರೆ ಹುತ್ತದಿಂದಲೋ ಮರದ ಪೊಟರೆಯಿಂದಲೋ ತೆಗೆದ ಯಾವ ಎರಿಯನ್ನಾದರೂ ಬೆಳಕಿಗೆ ಹಿಡಿದು ಸಮಾಧಾನದಿಂದ ನೋಡಿ, ಎಲ್ಲೋ ಒಂದು ಕಡೆ ಸಾಲು ತಪ್ಪಿರುತ್ತದೆ. ಪೂರ್ತಿ ಸರಿಯಾಗಿರುವ ಎರಿ ಸಿಗುವುದು ಸರಿ ಅಳತೆಯ ಹಾಳೆ ಹಾಕಿದ ಫ್ರೇಮಿನಲ್ಲಿ. ಅಲ್ಲಿ ಅಚ್ಚು ಹೊಡೆದಿದ್ದು ನಾವು.

ಷಟ್ಕೋನ ಯಾಕೆ ಅನ್ನುವುದರಲ್ಲಿ ನಿಜವಾಗಿ ಎರಡು ಪ್ರಶ್ನೆ ಇವೆ. ಆ ಆಕಾರದಿಂದ ಜೇನಿಗೆ ಏನು ಲಾಭ ಅನ್ನುವುದು ಒಂದು. ಆ ಆಕಾರ ಹೇಗೆ ಬರುತ್ತದೆ ಅನ್ನುವುದು ಇನ್ನೊಂದು. ಎರಡನ್ನೂ ಕಲಸಿಬಿಟ್ಟರೆ ತಲೆ ಕೆಡುತ್ತದೆ.

ಲಾಭದ ಪ್ರಶ್ನೆ ಸುಲಭ. ಮೇಣ ದುಬಾರಿ ಸಾಮಾನು. ಕೆಲಸಗಾರ ನೊಣದ ಹೊಟ್ಟೆಯ ಕೆಳಗೆ ನಾಲ್ಕು ಜೊತೆ ಮೇಣದ ಗ್ರಂಥಿಗಳಿವೆ. ನೊಣಕ್ಕೆ ಸುಮಾರು 12ರಿಂದ 18 ದಿನ ವಯಸ್ಸಾಗಿರುವಾಗ ಅವು ಜೋರಾಗಿ ಕೆಲಸ ಮಾಡುತ್ತವೆ. ಮೇಣ ಬರುವುದು ಸಣ್ಣ ಚಕ್ಕೆಗಳಾಗಿ. ಒಂದು ಗ್ರಾಂ ಆಗಲು ಸಾವಿರದಷ್ಟು ಚಕ್ಕೆ ಬೇಕು. ಒಂದು ಕಿಲೋ ಮೇಣಕ್ಕೆ 6ರಿಂದ 8 ಕಿಲೋ ಜೇನುತುಪ್ಪ ಖರ್ಚಾಗುತ್ತದೆ ಅಂತ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಬರೆದಿರುತ್ತಾರೆ. ಹವೆ, ಕುಟುಂಬದ ಬಲ ನೋಡಿಕೊಂಡು ಇದು ಹೆಚ್ಚುಕಮ್ಮಿ ಆಗುತ್ತದೆ, ಆದರೆ ಖರ್ಚು ದೊಡ್ಡದು ಅನ್ನುವುದರಲ್ಲಿ ಅನುಮಾನ ಇಲ್ಲ. ಹಾಗಾಗಿ ಕಡಿಮೆ ಮೇಣದಲ್ಲಿ ಜಾಸ್ತಿ ಜಾಗ ಸಿಕ್ಕರೆ ಅಷ್ಟೂ ಲಾಭ.

ಒಂದೇ ಆಕಾರ, ಒಂದೇ ಅಳತೆಯ ಕಣಗಳನ್ನು ಎಡೆ ಬಿಡದೆ ಜೋಡಿಸಬೇಕು, ಎಲ್ಲ ಬಾಹುಗಳೂ ಕೋನಗಳೂ ಸಮ ಇರಬೇಕು ಅಂದರೆ ಇರುವುದು ಮೂರೇ ದಾರಿ: ತ್ರಿಕೋನ, ಚೌಕ, ಷಟ್ಕೋನ. ಒಳಗಿನ ಜಾಗ ಅಷ್ಟೇ ಇಟ್ಟುಕೊಂಡು ಲೆಕ್ಕ ಹಾಕಿ. ಚೌಕಕ್ಕೆ 100 ಪಾಲು ಗೋಡೆ ಬೇಕಾದರೆ ತ್ರಿಕೋನಕ್ಕೆ 114, ಷಟ್ಕೋನಕ್ಕೆ 93 ಸಾಕು. ಒಂಟಿ ಕಣಕ್ಕಾದರೆ ವೃತ್ತ ಇದಕ್ಕಿಂತ ಒಳ್ಳೆಯದು, 89 ಸಾಕು. ಆದರೆ ವೃತ್ತಗಳನ್ನು ಒತ್ತೊತ್ತಾಗಿ ಇಟ್ಟರೂ ನಡುವೆ ನೂರರಲ್ಲಿ 9 ಪಾಲು ಜಾಗ ಪೋಲು. ಅದಕ್ಕಿಂತ ಮುಖ್ಯ, ಗೋಡೆ ಹಂಚಿಕೊಳ್ಳಲು ಆಗುವುದಿಲ್ಲ. ಷಟ್ಕೋನದಲ್ಲಿ ಒಂದೊಂದು ಗೋಡೆಯೂ ಎರಡು ಕಣಕ್ಕೆ ಸೇರಿದ್ದು, ಅರ್ಧಕ್ಕರ್ಧ ಮೇಣ ಅಲ್ಲೇ ಉಳಿಯಿತು.

ಇದು ಹಳೆಯ ತಿಳಿವಳಿಕೆ. ಅಲೆಕ್ಸಾಂಡ್ರಿಯಾದ ಪಾಪಸ್ ಎಂಬ ಗಣಿತಜ್ಞ ನಾಲ್ಕನೇ ಶತಮಾನದಲ್ಲೇ ಇದನ್ನು ಬರೆದು ಜೇನಿನ ಜಾಣತನವನ್ನು ಹೊಗಳಿದ್ದ. ಬಾಹುಗಳು ಸಮ ಇರಬೇಕಿಲ್ಲ, ಗೋಡೆ ಬಾಗಿದ್ದರೂ ಆಗಬಹುದು, ಯಾವ ರೀತಿ ಹಂಚಿದರೂ ಸರಿ, ಸಮ ಜಾಗದ ಹಂಚಿಕೆಗೆ ಷಟ್ಕೋನವನ್ನು ಮೀರಿಸಿದ್ದು ಇಲ್ಲ ಅಂತ ಪೂರ್ತಿ ಸಾಧಿಸಲು ಮಾತ್ರ 1999ರವರೆಗೆ ಕಾಯಬೇಕಾಯಿತು. ಅಮೆರಿಕದ ಥಾಮಸ್ ಹೇಲ್ಸ್ ಅದನ್ನು ಮಾಡಿದರು.

ಇಲ್ಲಿಂದ ಜನ ಒಂದು ಹೆಜ್ಜೆ ಮುಂದೆ ಹೋಗಿ, "ಹಾಗಾದರೆ ಜೇನಿಗೆ ಗಣಿತ ಗೊತ್ತು" ಅನ್ನುತ್ತಾರೆ. ಅದು ತಪ್ಪು. ಎರಿಯ ಎರಡೂ ಕಡೆ ಕಣಗಳಿರುತ್ತವಲ್ಲ, ಅವು ಬೆನ್ನಿಗೆ ಬೆನ್ನು ಕೊಟ್ಟು ಕೂಡುವ ತಳವನ್ನು ನೋಡಿ. ಅದು ಚಪ್ಪಟೆ ಅಲ್ಲ. ಮೂರು ವಜ್ರಾಕೃತಿಯ ತುಂಡು ಸೇರಿ ಒಂದು ಸಣ್ಣ ಗುಂಡಿ ಆಗಿರುತ್ತದೆ. ಇದಕ್ಕಿಂತ ಕಡಿಮೆ ಮೇಣದ ತಳ ಇಲ್ಲವೇ ಇಲ್ಲ ಅಂತ ಬಹಳ ಕಾಲ ನಂಬಿದ್ದರು. 1964ರಲ್ಲಿ ಹಂಗೇರಿಯ ಫೇಯೆಶ್ ಟೋಟ್ ಇನ್ನೊಂದು ಬಗೆಯ ತಳ ತೋರಿಸಿದರು, ಅದರಲ್ಲಿ ಮೇಣ ಇನ್ನೂ ಒಂದಿಷ್ಟು ಉಳಿಯುತ್ತದೆ. ಆ ಉಳಿತಾಯ ನೂರರಲ್ಲಿ ಅರ್ಧ ಪಾಲೂ ಇಲ್ಲ. ಜೇನಿಗೆ ಅದರಿಂದ ಏನೂ ನಷ್ಟ ಇಲ್ಲ. ಆದರೆ ಲೆಕ್ಕ ಹಾಕಿ ಕಟ್ಟುತ್ತವೆ ಅನ್ನುವ ಮಾತು ಅಲ್ಲಿಗೆ ನಿಂತಿತು.

ಇನ್ನು ಮಗಳು ಓದಿದ್ದು. ಅವಳು ಓದಿದ್ದು ಸುಳ್ಳು ಸುದ್ದಿ ಅಲ್ಲ, ವಿಜ್ಞಾನಿಗಳೇ ಹೇಳಿದ ಮಾತು. 2004ರಲ್ಲಿ ಒಂದು ತಂಡ, ನೊಣಗಳು ಮೇಣವನ್ನು ಬಿಸಿ ಮಾಡುತ್ತವೆ, ಮೆತ್ತಗಾದ ಮೇಣ ಹರಿದು ತಾನಾಗೇ ಷಟ್ಕೋನ ಆಗುತ್ತದೆ ಅಂತ ವಾದಿಸಿತು. 2013ರಲ್ಲಿ ಇನ್ನೊಂದು ತಂಡ, ಹೊಸ ಕಣಗಳು ಶುರುವಿನಲ್ಲಿ ದುಂಡಗಿರುತ್ತವೆ, ಆಮೇಲೆ ಮೂಲೆ ಬರುತ್ತದೆ ಅಂತ ತೋರಿಸಿತು. ಅದೇ ವರ್ಷ ಜರ್ಮನಿಯ ಬಾವರ್ ಮತ್ತು ಬೀನೆಫೆಲ್ಡ್ ಶಾಖ ತೋರಿಸುವ ಕ್ಯಾಮೆರಾ ಇಟ್ಟು ಕಟ್ಟುವ ಜಾಗವನ್ನೇ ನೋಡಿದರು. ಮೇಣ ಹರಿಯುವಷ್ಟು ಬಿಸಿ ಅಲ್ಲಿ ಇರಲಿಲ್ಲ. ನೊಣಗಳು ದವಡೆಯಿಂದ ಕೆರೆದು, ಒತ್ತಿ, ನಯ ಮಾಡಿ ಗೋಡೆ ಎಬ್ಬಿಸುತ್ತಿದ್ದವು.

ನಾನು ಬಾವರ್, ಬೀನೆಫೆಲ್ಡ್ ಅವರ ಕಡೆ. ಜೇನುಮೇಣ ಕರಗುವುದು 62 ಡಿಗ್ರಿ ದಾಟಿದ ಮೇಲೆ. ಮರಿ ಬೆಳೆಯುವ ಸಂಸಾರ ಕೋಣೆಯ ಬಿಸಿ 33ರಿಂದ 36 ಡಿಗ್ರಿ. ಆ ಬಿಸಿಗೆ ಮೇಣ ಮೆತ್ತಗಾಗುತ್ತದೆ, ಕೆಲಸಕ್ಕೆ ಬಗ್ಗುತ್ತದೆ, ಅಷ್ಟೇ. ಇನ್ನೂ ದೊಡ್ಡ ಸಾಕ್ಷಿ ನಿಮ್ಮ ಮನೆಯ ಮಾಡಿನ ಅಂಚಿನಲ್ಲೇ ಸಿಗಬಹುದು. ಕಣಜದ ಗೂಡು ನೋಡಿ. ಅದೂ ಷಟ್ಕೋನವೇ. ಕಣಜ ಕಟ್ಟುವುದು ಮರದ ನಾರನ್ನು ಅಗಿದು ಮಾಡಿದ ಕಾಗದದಿಂದ, ಕಾಗದ ಎಷ್ಟು ಬಿಸಿ ಮಾಡಿದರೂ ಕರಗುವುದಿಲ್ಲ ಅಲ್ವಾ? ಕರಗದ ಸಾಮಾನಿನಲ್ಲೂ ಅದೇ ಆಕಾರ ಬಂದರೆ ಕಾರಣ ಬಿಸಿಯಲ್ಲ. ನಿಮ್ಮ ಪೆಟ್ಟಿಗೆಯಲ್ಲಿ ಬಿಸಿ ಸಾಲದು ಅನ್ನುವ ಹೆದರಿಕೆಯನ್ನು ಇಲ್ಲಿಗೆ ಬಿಡಿ. ಮಗಳಿಗೆ ಮಾತ್ರ, ಅವಳ ಓದಿನಲ್ಲಿ ಅರ್ಧ ಸರಿ ಇದೆ ಅಂತ ಹೇಳಿ. ಶುರು ದುಂಡಗೇ ಇರುತ್ತದೆ.

ಹಾಗಾದರೆ ಮೂಲೆ ಹೇಗೆ ಬರುತ್ತದೆ? ನಿಮ್ಮ ಪ್ರಶ್ನೆಯ ಉತ್ತರ ಪೂರ್ತಿ ಇರುವುದು ಇಲ್ಲಿ.

ಒಂದೇ ಅಳತೆಯ ಬಳೆಗಳನ್ನು ನೆಲದ ಮೇಲೆ ಒತ್ತಾಗಿ ಜೋಡಿಸಿದರೆ ಒಂದರ ಸುತ್ತ ಸರಿಯಾಗಿ ಆರು ಕೂರುತ್ತವೆ. ಕಣಗಳೂ ಹಾಗೇ. ನೊಣ ತನ್ನ ಮೈ ಅಳತೆಗೆ ತಕ್ಕ ಗುಂಡಿ ತೋಡುತ್ತದೆ, ಪಕ್ಕದಲ್ಲಿ ಇನ್ನೊಂದು ನೊಣ ಅಷ್ಟೇ ಅಳತೆಯದನ್ನು ತೋಡುತ್ತಿರುತ್ತದೆ, ನಡುವೆ ಉಳಿದ ಮೇಣವನ್ನು ಎರಡೂ ಕಡೆಯಿಂದ ಕೆರೆದು ಕೆರೆದು ತೆಳ್ಳಗೆ ಮಾಡುತ್ತಾ ಹೋದಾಗ ಅಲ್ಲಿ ನಿಲ್ಲುವುದು ಒಂದು ನೇರ ಗೋಡೆ. ಗೋಡೆಯ ದಪ್ಪ ಸುಮಾರು 0.07 ಮಿ.ಮೀ. ಸುತ್ತ ಆರು ನೆರೆಯವರಿದ್ದರೆ ಆರು ಗೋಡೆ. ಅಂದರೆ ಒಂದು ಕಣಕ್ಕೆ ಎಷ್ಟು ನೆರೆ ಇದೆಯೋ ಅಷ್ಟು ಬಾಹು. ಷಟ್ಕೋನದ ನಕ್ಷೆ ನೊಣದ ತಲೆಯಲ್ಲಿ ಇರಬೇಕಿಲ್ಲ. ತನ್ನ ಅಳತೆ ಗೊತ್ತಿರಬೇಕು, ಪಕ್ಕದ್ದು ಎಲ್ಲಿದೆ ಅಂತ ಗೊತ್ತಾಗಬೇಕು, ಎಷ್ಟು ಕೆರೆದಾಗ ನಿಲ್ಲಿಸಬೇಕು ಅಂತ ತಿಳಿಯಬೇಕು.

ಅಳತೆ ನೋಡಲು ನೊಣದ ತಲೆಯ ಮೇಲಿನ ಮೀಸೆಗಳೇ (ಆಂಟೆನಾ) ಸಾಧನ. ಮಾರ್ಟಿನ್ ಮತ್ತು ಲಿಂಡಾವರ್ 1966ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಮೀಸೆಯ ತುದಿ ತೆಗೆದ ನೊಣಗಳು ಎರಿ ಕಟ್ಟಿದವು, ಆದರೆ ಗೋಡೆಯ ದಪ್ಪ ಹೆಚ್ಚುಕಮ್ಮಿ ಆಯಿತು. ಡಾರ್ವಿನ್ ಮಾಡಿದ ಒಂದು ಪ್ರಯೋಗ ನನಗೆ ತುಂಬಾ ಇಷ್ಟ, 1859ರ ಪುಸ್ತಕದಲ್ಲಿ ಅವನೇ ಬರೆದಿದ್ದಾನೆ. ಕಟ್ಟುತ್ತಿರುವ ಕಣಗಳ ಅಂಚಿಗೆ ಕೆಂಪು ಬಣ್ಣದ ಮೇಣ ಸವರಿದ. ನೊಣಗಳು ಆ ಕೆಂಪನ್ನು ಚೂರುಚೂರೇ ಎತ್ತಿ ಸುತ್ತಲಿನ ಗೋಡೆಗಳಿಗೆಲ್ಲ ಹರಡಿಬಿಟ್ಟವು, ಕುಂಚದಲ್ಲಿ ಬಳಿದಷ್ಟು ನಯವಾಗಿ. ಒಂದು ಕಣವನ್ನು ಒಂದೇ ನೊಣ ಕಟ್ಟುವುದಿಲ್ಲ, ಬಂದವರು ಬಂದಹಾಗೆ ಕೆರೆದು, ಸೇರಿಸಿ, ತಿದ್ದಿ ಹೋಗುತ್ತಾರೆ ಅಂತ ಇದರಿಂದ ಕಣ್ಣಾರೆ ಗೊತ್ತಾಯಿತು.

ನೆರೆ ಇಲ್ಲದಿದ್ದರೆ ಮೂಲೆಯೂ ಇಲ್ಲ. ಕುಟುಂಬ ಒಡೆದು ಪಾಲಾಗುವ ಕಾಲದಲ್ಲಿ ಎರಿಯ ಕೆಳ ಅಂಚಿನಲ್ಲಿ ಜೋತುಬಿದ್ದಿರುವ ರಾಣಿ ಕಣ ನೋಡಿ. ಅವೇ ನೊಣಗಳು, ಅದೇ ಮೇಣ, ಆದರೆ ಆಕಾರ ದುಂಡಗೆ ಉದ್ದ. ಕಲ್ಲುಗೋಡೆಯ ಸಂದಿಯಲ್ಲಿರುವ, ಕುಟುಕದ ಮಿಸ್ರಿ ಜೇನಿನ ತುಪ್ಪದ ಗಡಿಗೆಗಳೂ ದುಂಡಗೆ, ಅವು ಒಂದೊಂದನ್ನೂ ಬೇರೆಬೇರೆಯಾಗಿ ಕಟ್ಟುತ್ತವೆ.

ಈಗ ನಿಮ್ಮ ಐದು ಮೂಲೆಗೆ ಬರೋಣ. ತುಡುವೆಯ ಕೆಲಸಗಾರ ಕಣ ನಮ್ಮ ಕಡೆ ಸುಮಾರು 4.3ರಿಂದ 4.6 ಮಿ.ಮೀ. ಅಗಲ. ಗಂಡು ನೊಣದ ಕಣ 5 ಮಿ.ಮೀ. ಆಸುಪಾಸು. ಎರಡೂ ಷಟ್ಕೋನವೇ, ಆದರೆ ಅಳತೆ ಬೇರೆ. ಚಿಕ್ಕ ಷಟ್ಕೋನಗಳ ಸಾಲು ಮುಗಿದು ದೊಡ್ಡವು ಶುರುವಾಗುವ ಕಡೆ ಇವು ಎಡೆ ಇಲ್ಲದೆ ಕೂರಲು ಸಾಧ್ಯವೇ ಇಲ್ಲ. ಅಲ್ಲಿ ಕೆಲವು ಕಣಕ್ಕೆ ಐದೇ ನೆರೆ ಸಿಗುತ್ತದೆ, ಪಕ್ಕದ್ದಕ್ಕೆ ಏಳು. ಮೂರು ಮೂರು ಗೋಡೆ ಒಂದೊಂದು ಮೂಲೆಯಲ್ಲಿ ಸೇರುವ ಯಾವ ಜಾಲದಲ್ಲೂ ಸರಾಸರಿ ಬಾಹು ಆರೇ ಆಗಬೇಕು. ಒಂದು ಕಡೆ ಐದು ಬಂದರೆ ಹತ್ತಿರದಲ್ಲಿ ಏಳು ಬಂದು ಲೆಕ್ಕ ಸರಿಯಾಗುತ್ತದೆ. ಇನ್ನೊಮ್ಮೆ ಪೆಟ್ಟಿಗೆ ತೆರೆದಾಗ ನೋಡಿ, ನಿಮ್ಮ ಐದು ಮೂಲೆಯ ಕಣದ ಪಕ್ಕದಲ್ಲೇ ಏಳು ಮೂಲೆಯದು ಇರುವ ಸಾಧ್ಯತೆ ಬಹಳ.

ಎರಡು ತುದಿಯಿಂದ ಕಟ್ಟಿಕೊಂಡು ಬಂದ ಎರಿಗಳು ನಡುವೆ ಕೂಡುವ ಕಡೆಯೂ ಹೀಗೇ. ಒಂದು ಫ್ರೇಮಿನಲ್ಲಿ ಎರಡು ಮೂರು ಕಡೆ ಏಕಕಾಲಕ್ಕೆ ಕೆಲಸ ಶುರು ಮಾಡುತ್ತವೆ, ಸಾಲುಗಳು ಸರಿಯಾಗಿ ಹೊಂದದಿದ್ದರೆ ಕೂಡುವ ಗೆರೆಯ ಉದ್ದಕ್ಕೂ ಸೊಟ್ಟ ಕಣ. 2021ರಲ್ಲಿ ಅಮೆರಿಕದ ಸಂಶೋಧಕರು ಇಂಥ ಎರಿಗಳ ಫೋಟೋ ತೆಗೆದು ಕಣ ಕಣವನ್ನೂ ಅಳೆದರು. ನೊಣಗಳು ಗಡಿಗೆ ಬಂದ ಮೇಲೆ ಹೇಗೋ ತುಂಬಿಸುವುದಲ್ಲ, ಗಡಿ ಬರುವ ಮೊದಲೇ ಅಳತೆ ಬದಲಿಸುತ್ತಾ, ನಡುವಿನ ಅಳತೆಯ ಕಣ ಹಾಕುತ್ತಾ ಬರುತ್ತವೆ ಅಂತ ಕಂಡುಬಂತು. 2023ರಲ್ಲಿ ಕಣಜಗಳ ಗೂಡನ್ನೂ ಸೇರಿಸಿ ನೋಡಿದಾಗ ಅಲ್ಲೂ ಐದು ಏಳರ ಅದೇ ಜೋಡಿ ಸಿಕ್ಕಿತು. ಹಾಗಾಗಿ ನಿಮ್ಮ ಎರಿಯಲ್ಲಿರುವುದು ಬುದ್ಧಿ ಇರುವ ಕೆಲಸ. ನಕ್ಷೆ ಹಿಡಿದು ಕಟ್ಟುವವರಿಗೆ ಇದು ಬರುವುದಿಲ್ಲ.

ಟವರಿನ ಮಾತು ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಕಣ್ಣು ಕಾಣದಿದ್ದರೂ ಜೀವನಪೂರ್ತಿ ಜೇನಿನ ಅಧ್ಯಯನ ಮಾಡಿದ ಸ್ವಿಟ್ಜರ್ಲೆಂಡಿನ ಫ್ರಾಂಸ್ವಾ ಹ್ಯೂಬರ್ 1814ರ ಪುಸ್ತಕದಲ್ಲೇ ಕೆಲಸಗಾರ ಕಣದಿಂದ ಗಂಡು ಕಣಕ್ಕೆ ಹೋಗುವಾಗ ಬರುವ ಈ ಸೊಟ್ಟ ಕಣಗಳನ್ನು ವಿವರಿಸಿದ್ದಾನೆ, ಆಗ ಟವರ್ ಎಲ್ಲಿತ್ತು?

ಹಾಳೆ ಹಾಕಿದ ಎರಡು ಫ್ರೇಮಿನ ವಿಷಯ. ನೀವು ಯಾವ ಜಾತಿಗೆ ಅಂತ ನೋಡದೆ ತರಿಸಿದ್ದೀರಿ ಅನ್ನಿಸುತ್ತದೆ. ಆನ್‌ಲೈನ್‌ನಲ್ಲಿ ಮಾರುವ ಹಾಳೆಗಳಲ್ಲಿ ಬಹಳಷ್ಟು ಮೆಲ್ಲಿಫೆರಾ, ಅಂದರೆ ಯುರೋಪಿನ ಜೇನಿನ ಅಳತೆಯವು. ಅದರ ಕಣ 5.2ರಿಂದ 5.4 ಮಿ.ಮೀ. ನಮ್ಮ ತುಡುವೆಯ ಗಂಡು ಕಣಕ್ಕಿಂತಲೂ ಅದು ದೊಡ್ಡದು. ಅದರ ಮೇಲೆ ತುಡುವೆಯನ್ನು ಬಿಟ್ಟರೆ ಕೆಲವು ಕಡೆ ಅಚ್ಚನ್ನು ಕೆರೆದು ತಮ್ಮ ಅಳತೆಗೆ ತಿರುಗಿಸಲು ನೋಡುತ್ತವೆ, ಕೆಲವು ಕಡೆ ಗಂಡು ಮರಿಗೆ ಅಂತ ಬಳಸುತ್ತವೆ, ಕೆಲವು ಕಡೆ ಮುಟ್ಟುವುದೇ ಇಲ್ಲ. ನೀವು ಕಂಡ ಗೊಂದಲ ಇದು. ಗೆರೆಪಟ್ಟಿ ತೆಗೆದುಕೊಂಡು ಉಳಿದ ಹಾಳೆಯ ಮೇಲೆ ಒಂದೇ ಸಾಲಿನ ಹತ್ತು ಕಣ ಅಳೆಯಿರಿ, ಗೋಡೆಯಿಂದ ಗೋಡೆಗೆ. 52 ಮಿ.ಮೀ. ದಾಟಿದರೆ ಅದು ತುಡುವೆಯ ಹಾಳೆ ಅಲ್ಲ. 43ರಿಂದ 46ರ ಒಳಗೆ ಬರಬೇಕು.

ಈ ಎರಡು ಫ್ರೇಮನ್ನು ತೆಗೆಯಬೇಕು, ಆದರೆ ಇವತ್ತೇ ಅಲ್ಲ. ಮರಿ ಇದ್ದರೆ ಸಂಸಾರ ಕೋಣೆಯ ಬದಿಗೆ ಸರಿಸಿ, ಮರಿ ಹೊರಬಂದ ಮೇಲೆ ಒಂದೊಂದಾಗಿ ತೆಗೆಯಿರಿ. ಒಟ್ಟಿಗೆ ತೆಗೆದರೆ ಅಪಾಯ, ತುಡುವೆಗೆ ಕಿರಿಕಿರಿ ಆದರೆ ಗೂಡು ಬಿಟ್ಟು ಹೋಗುವ ಸ್ವಭಾವ ಇದೆ, ಅದು ನಿಮಗೂ ಗೊತ್ತಿರಬಹುದು. ಸೊಪ್ಪಿನ ಬೆಟ್ಟದಲ್ಲಿ ಹೂವು ಚೆನ್ನಾಗಿರುವಾಗ ಮಾತ್ರ ಈ ಕೆಲಸ ಮಾಡಿ. ಆಗ ಹೊಸ ಮೇಣ ಬೇಗ ಬರುತ್ತದೆ. ಮಳೆಗಾಲದಲ್ಲಿ ಎರಿ ತೆಗೆದರೆ ಕಟ್ಟಿಕೊಳ್ಳಲು ಅವಕ್ಕೆ ಆಹಾರವೇ ಇರುವುದಿಲ್ಲ, ಸಕ್ಕರೆ ಪಾಕ ಕೊಟ್ಟು ಜೀವ ಉಳಿಸುವುದೇ ಆಗ ದೊಡ್ಡ ಕೆಲಸ.

ಮುಂದೆ ಏನು ಹಾಕಬೇಕು? ತುಡುವೆ ಅಳತೆಯ ಪೂರ್ತಿ ಹಾಳೆ ಹಾಕಿದರೆ ಎರಿ ನೇರ ಬರುತ್ತದೆ, ಬೇಗ ಬರುತ್ತದೆ, ಗಂಡು ಕಣ ಕಡಿಮೆ, ತುಪ್ಪ ತೆಗೆಯುವ ಯಂತ್ರದಲ್ಲಿ ಮುರಿಯುವುದೂ ಕಡಿಮೆ. ತೊಂದರೆ ಇರುವುದು ಮೇಣದಲ್ಲಿ. ಪ್ಯಾರಾಫಿನ್ ಬೆರೆಸಿದ ಹಾಳೆ ಏಪ್ರಿಲ್ ಬಿಸಿಲಿಗೆ ಜೋತುಬೀಳುತ್ತದೆ, ನೊಣ ಅದನ್ನು ಇಷ್ಟಪಡುವುದೂ ಇಲ್ಲ. ಮತ್ತೆ ಮತ್ತೆ ಕರಗಿಸಿದ ಮೇಣದಲ್ಲಿ ಕೀಟನಾಶಕದ ಉಳಿಕೆಯೂ ಸೇರುತ್ತಾ ಹೋಗುತ್ತದೆ. ನಂಬಿಕೆಯ ಕಡೆಯಿಂದಲೇ ಕೊಳ್ಳಿ, ಸಾಧ್ಯವಾದರೆ ನಿಮ್ಮದೇ ಮೇಣ ಕೊಟ್ಟು ಹಾಳೆ ಮಾಡಿಸಿ.

ಏನೂ ಹಾಕದೆ ಖಾಲಿ ಬಿಡುವುದೂ ಒಂದು ದಾರಿ, ನೀವು ಮಾಡಿದ ಹಾಗೆ. ಕುಟುಂಬಕ್ಕೆ ಅದರಿಂದ ಕೆಡುಕು ಇಲ್ಲ. ನಿಮಗೆ ಕಷ್ಟ ಆಗಬಹುದು, ಎರಿ ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಅಡ್ಡ ಹೋದರೆ ಪೆಟ್ಟಿಗೆ ತೆರೆಯುವಾಗೆಲ್ಲ ಮುರಿಯುತ್ತದೆ. ಗಂಡು ಕಣವೂ ಜಾಸ್ತಿ ಬರುತ್ತದೆ.

ಮನೆಮಟ್ಟಕ್ಕೆ ಮೂರು ಪೆಟ್ಟಿಗೆ ಇಟ್ಟವರಿಗೆ ನಾನು ಹೇಳುವುದು ನಡುವಿನ ದಾರಿ. ಫ್ರೇಮಿನ ಮೇಲಿನ ಪಟ್ಟಿಗೆ ಒಂದು ಇಂಚಿನಷ್ಟು ಹಾಳೆಯ ಪಟ್ಟಿ ಅಂಟಿಸಿ, ಉಳಿದದ್ದನ್ನು ನೊಣಕ್ಕೆ ಬಿಡಿ. ಎರಿ ನೇರ ಶುರುವಾಗುತ್ತದೆ, ಕೆಳಗೆ ಅವುಗಳ ಅಳತೆ ಅವುಗಳಿಗೆ. ಪೆಟ್ಟಿಗೆ ಮಟ್ಟವಾಗಿ ಕೂತಿರಬೇಕು, ಇದನ್ನು ಮರೆಯಬೇಡಿ. ನೊಣ ತೂಗುಗುಂಡಿನಷ್ಟು ನೇರ ಕೆಳಕ್ಕೆ ಕಟ್ಟುತ್ತದೆ, ಪೆಟ್ಟಿಗೆ ವಾಲಿದ್ದರೆ ಎರಿ ಫ್ರೇಮಿನಿಂದ ಹೊರಗೆ ಹೋಗುತ್ತದೆ. ಹೊಸ ಎರಿಯನ್ನು ಬಿಸಿಲಲ್ಲಿ ಅಡ್ಡ ಮಲಗಿಸಿ ಹಿಡಿಯಬೇಡಿ, ಮುರಿದು ಬೀಳುತ್ತದೆ.

ನೆರೆಯವರು ಹೇಳಿದ ರಾಣಿಯ ವಿಷಯವನ್ನು ನೋಡಬೇಕಾದ್ದು ಕಣದ ಆಕಾರದಲ್ಲಿ ಅಲ್ಲ, ಕಣದ ಒಳಗೆ. ಒಂದು ಕಣಕ್ಕೆ ಒಂದೇ ಮೊಟ್ಟೆ, ತಳದ ನಡುವೆ ಇದ್ದು, ಮುಚ್ಚಿದ ಮರಿಗಳು ಒತ್ತಾಗಿ ಒಂದೇ ಕಡೆ ಇದ್ದರೆ ರಾಣಿ ಚೆನ್ನಾಗಿದೆ. ಒಂದೇ ಕಣದಲ್ಲಿ ಎರಡು ಮೂರು ಮೊಟ್ಟೆ, ಅವೂ ಗೋಡೆಗೆ ಅಂಟಿಕೊಂಡಿದ್ದರೆ, ಕೆಲಸಗಾರ ಕಣದಲ್ಲಿ ಅಲ್ಲಲ್ಲಿ ಉಬ್ಬಿದ ಗಂಡು ಮರಿ ಕಂಡರೆ, ರಾಣಿ ಹೋಗಿ ಕೆಲಸಗಾರ ನೊಣಗಳೇ ಮೊಟ್ಟೆ ಇಡುತ್ತಿರಬಹುದು. ಮರಿ ಸತ್ತು ಚೀಲದ ಹಾಗೆ ನೀರು ತುಂಬಿಕೊಂಡು ಕಣದಲ್ಲಿ ಉದ್ದಕ್ಕೆ ಮಲಗಿದ್ದರೆ ಅದು ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ರೋಗ, 1990ರ ದಶಕದ ಶುರುವಿನಲ್ಲಿ ನಮ್ಮ ರಾಜ್ಯದ ತುಡುವೆಯನ್ನು ಹಾಳುಮಾಡಿದ್ದು ಅದೇ. ಹಾಗೆ ಕಂಡರೆ ಆ ಪೆಟ್ಟಿಗೆಯ ಫ್ರೇಮನ್ನು ಇನ್ನೆರಡಕ್ಕೆ ಹಾಕಬೇಡಿ, ಕೈ, ಚಾಕು ತೊಳೆಯದೆ ಮುಂದಿನ ಪೆಟ್ಟಿಗೆ ಮುಟ್ಟಬೇಡಿ, ತೋಟಗಾರಿಕೆ ಇಲಾಖೆಯ ಜೇನು ವಿಭಾಗದವರಿಗೆ ತಿಳಿಸಿ.

ಒಂದು ಮಾತು ನಿಮ್ಮ ಹಳೆಯ ಎರಡು ಪೆಟ್ಟಿಗೆಯ ಬಗ್ಗೆ. ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ನನಗೆ ಚಿಂತೆ ಇರುವುದು ಅವುಗಳದ್ದೇ. ಮರಿ ಎದ್ದು ಹೋದಾಗೆಲ್ಲ ಕಣದೊಳಗೆ ತೆಳು ಪೊರೆ ಉಳಿಯುತ್ತದೆ. ಎರಿ ಕಪ್ಪಾಗುತ್ತದೆ, ಕಣ ಚಿಕ್ಕದಾಗುತ್ತದೆ, ಮೇಣದ ಹುಳುವಿಗೆ ಅಂಥ ಎರಿಯೇ ಬೇಕು. ನೊಣ ಕೂರದ ಕಪ್ಪು ಎರಿ ಒಳಗಿದ್ದರೆ ಮೊದಲು ಅದನ್ನು ತೆಗೆದು ಕರಗಿಸಿ, ಆ ಫ್ರೇಮಿಗೆ ಈಗ ಹೇಳಿದ ಹಾಗೆ ಪಟ್ಟಿ ಅಂಟಿಸಿ ವಾಪಸ್ ಇಡಿ. ಹೂವು ಮುಗಿಯುವ ಮೊದಲು ಒಂದೊಂದು ಪೆಟ್ಟಿಗೆಯಲ್ಲಿ ಒಂದೋ ಎರಡೋ ಎರಿ ಹೊಸದಾದರೆ ಈ ವರ್ಷಕ್ಕೆ ಸಾಕು.